ಜೀವಂತಿಕೆ, ಲವಲವಿಕೆ, ಕಳೆ

ಇಂಗ್ಲಿಷಿನ ‘ವಿವ್ಯಾಸಿಟಿ’ ಎಂಬ ಪದವು ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ವಿವಾಕ್ಸ್’ ಎಂಬ ರೂಪದಿಂದ ಬಂದುದಾಗಿದ್ದು, ಆ ರೂಪವು ದೀರ್ಘಾಯುಷ್ಯವನ್ನೂ ಚೈತನ್ಯವನ್ನೂ ಸೂಚಿಸುತ್ತಿತ್ತು. ಇದರ ಹಿಂದಿರುವ ‘ವಿವುಸ್’ (ಬದುಕಿರುವ) ಎಂಬ ಲ್ಯಾಟಿನ್ ಪದವೂ ಸಂಸ್ಕೃತದ ‘ಜೀವ’ವೂ ಒಂದೇ ಇಂಡೋ-ಯುರೋಪಿಯನ್ ಧಾತುವಿನ ಕವಲುಗಳಾದುದರಿಂದ, ಕನ್ನಡದ ‘ಜೀವಂತಿಕೆ’ಯು ಇಂಗ್ಲಿಷ್ ಪದಕ್ಕೆ ಸಮಾನಾರ್ಥಕ ಮಾತ್ರವಲ್ಲದೆ ದೂರದ ಬಂಧುವೂ ಆಗಿದೆ, ಅದರಲ್ಲಿ ‘ಇಕೆ’ ಎಂಬ ಭಾವನಾಮ ಪ್ರತ್ಯಯ, ಅಂದರೆ ಗುಣವನ್ನೋ ಕ್ರಿಯೆಯನ್ನೋ ಹೆಸರಾಗಿಸುವ ಅಂಶ, ಮಾತ್ರ ಕನ್ನಡದ್ದು.

‘ಲವಲವಿಕೆ’ಯ ಹುಟ್ಟು ಬೇರೆ ಬಗೆಯದು. ಇದು ಅನುಕರಣ ಪದ, ಎಂದರೆ ಧ್ವನಿಯನ್ನೋ ಚಲನೆಯನ್ನೋ ಉಚ್ಚಾರಣೆಯಲ್ಲೇ ಮೂಡಿಸುವ ಪದ. ‘ಚಡಪಡ’ದಿಂದ ‘ಚಡಪಡಿಸು’, ‘ಚಡಪಡಿಕೆ’ಗಳಾದಂತೆ ‘ಲವಲವ’ದಿಂದ ‘ಲವಲವಿಸು’, ‘ಲವಲವಿಕೆ’ಗಳಾಗಿವೆ. ಬಳಕೆಯಲ್ಲಿಯೂ ಭೇದವುಂಟು: ಬರವಣಿಗೆಗೆ, ಪರಂಪರೆಗೆ ‘ಜೀವಂತಿಕೆ’ ಒಪ್ಪಿದರೆ, ಮಗುವಿನ ಓಡಾಟಕ್ಕೆ, ಕಾಯಿಲೆಯಿಂದ ಎದ್ದವರ ಚುರುಕಿಗೆ ‘ಲವಲವಿಕೆ’ಯೇ ಸರಿ.

ಊರಿನ ಚೈತನ್ಯವನ್ನು ಹೇಳಬೇಕಾದಾಗ ಕನ್ನಡವು ‘ಕಳೆ’ಯನ್ನು ಆಶ್ರಯಿಸುತ್ತದೆ. ಚಂದ್ರನ ಹದಿನಾರನೆಯ ಭಾಗವೆಂಬ ಅರ್ಥದ ಸಂಸ್ಕೃತ ‘ಕಲಾ’ದಿಂದ ಬಂದ ಈ ಪದಕ್ಕೂ ಹೊಲದ ‘ಕಳೆ’ಗೂ ಸಂಬಂಧವಿಲ್ಲ. ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಿನ ಹೆದ್ದಾರಿಯಲ್ಲಿರುವ ಮಲವಗೊಪ್ಪದ ಸಕ್ಕರೆ ಕಾರ್ಖಾನೆ ಮುಚ್ಚಿರುವುದನ್ನೂ, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ಷೀಣತೆಯನ್ನೂ ನೆನೆದರೆ, ದುಡಿಮೆ ನಿಂತ ಊರು ಕಳೆಗುಂದಿತು ಎಂಬ ಮಾತಿನ ಭಾರ ತಿಳಿಯುತ್ತದೆ. ಅಲ್ಲಿ ‘ಲವಲವಿಕೆ ಕುಗ್ಗಿತು’ ಎಂದರೆ ಅರ್ಥ ತೀರ ಹಗುರವಾಗುತ್ತದೆ. ಆದ್ದರಿಂದ ಒಂದೇ ಇಂಗ್ಲಿಷ್ ಪದವನ್ನು ಎದುರಿಗಿಟ್ಟುಕೊಂಡು ಈ ಮೂರನ್ನೂ ಪರ್ಯಾಯಗಳೆಂದು ಪಟ್ಟಿಮಾಡುವ ನಿಘಂಟುಕಾರರು ಪ್ರತಿಯೊಂದರ ಪ್ರಯೋಗವನ್ನೂ ಬೇರೆಬೇರೆಯಾಗಿ ಕೊಡಬೇಕು.