ನೌಕರರ ಮೊಬೈಲ್‌ಗೆ ಸಂಸ್ಥೆಯ ನಿಯಮ: ಗೆರೆ ಎಲ್ಲಿ ಎಳೆಯಬೇಕು?

ಗ್ರಾಹಕರ ವಿಳಾಸಪಟ್ಟಿ, ದರಪಟ್ಟಿ, ಬಾಕಿ ವಸೂಲಿಯ ಲೆಕ್ಕ, ಕಚೇರಿಯ ಪತ್ರವ್ಯವಹಾರ. ಒಂದು ಕಾಲಕ್ಕೆ ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದ ಇವೆಲ್ಲವೂ ಈಗ ನೌಕರರ ಜೇಬಿನ ಸ್ಮಾರ್ಟ್‌ಫೋನ್ ಸೇರಿವೆ. ಆ ಫೋನು ಬಸ್ಸಿನಲ್ಲಿ ಕಳೆದುಹೋದರೆ ಅಥವಾ ನೌಕರರು ಪ್ರತಿಸ್ಪರ್ಧಿ ಸಂಸ್ಥೆಗೆ ಸೇರಿದರೆ ವ್ಯವಹಾರದ ಗುಟ್ಟು ಅದರೊಡನೆಯೇ ಹೊರಗೆ ಹೋಗುತ್ತದೆ. ಅದೇ ಫೋನಿನಲ್ಲಿ ನೌಕರರ ಮಕ್ಕಳ ಭಾವಚಿತ್ರ, ವೈದ್ಯರ ವರದಿ, ಮನೆಮಂದಿಯೊಂದಿಗಿನ ಮಾತುಕತೆ ಎಲ್ಲವೂ ಇರುತ್ತವೆ. ಸಂಸ್ಥೆಯ ಸೊತ್ತನ್ನು ಕಾಯುವ ಭರದಲ್ಲಿ ನೌಕರರ ಖಾಸಗಿ ಬದುಕಿಗೆ ಕೈಹಾಕದಂತೆ ಇವೆರಡರ ನಡುವೆ ಗೆರೆ ಎಳೆಯುವುದೇ ಮೊಬೈಲ್ ಸಾಧನ ನಿರ್ವಹಣಾ ನೀತಿಯ ಉದ್ದೇಶ.

ತಂತ್ರಾಂಶ ಕೊಳ್ಳುವುದು ಸುಲಭ. ಆದರೆ ಆ ಗೆರೆ ಎಲ್ಲಿ ಇರಬೇಕೆಂಬುದನ್ನು ತಂತ್ರಾಂಶ ನಿರ್ಧರಿಸದು. ಅದನ್ನು ಆಡಳಿತವೇ ಮೊದಲು ನಿರ್ಧರಿಸಿ, ಬರೆದು, ನೌಕರರಿಗೆ ತಿಳಿಸಬೇಕು.

ಏನಿದು ಎಂಡಿಎಂ?

ಹಲವಾರು ಫೋನ್‌ಗಳ ಮೇಲೆ ಒಂದೇ ಕಡೆಯಿಂದ ಭದ್ರತಾ ನಿಯಮಗಳನ್ನು ಹೇರುವ ವ್ಯವಸ್ಥೆಗೆ ಮೊಬೈಲ್ ಡಿವೈಸ್ ಮ್ಯಾನೇಜ್‌ಮೆಂಟ್, ಸಂಕ್ಷಿಪ್ತವಾಗಿ ಎಂಡಿಎಂ ಎಂದು ಹೆಸರು. ಸಂಸ್ಥೆಯ ಪರವಾಗಿ ಕೆಲಸ ಮಾಡುವ ಒಂದು ಸರ್ವರ್, ನೋಂದಾಯಿತ ಫೋನ್‌ಗಳಿಗೆ ಅಂತರ್ಜಾಲದ ಮೂಲಕ ಆದೇಶ ಕಳುಹಿಸುತ್ತದೆ. ಪರದೆಗೆ ಬೀಗ ಕಡ್ಡಾಯಗೊಳಿಸುವುದು, ಕಚೇರಿಯ ಆ್ಯಪ್‌ಗಳನ್ನು ಅಳವಡಿಸುವುದು, ಕಳೆದುಹೋದ ಫೋನಿನಿಂದ ದತ್ತಾಂಶ ಅಳಿಸುವುದು ಇಂತಹ ಆದೇಶಗಳು. ಅವುಗಳನ್ನು ಪಾಲಿಸುವ ಸಾಮರ್ಥ್ಯ ಫೋನಿನ ಕಾರ್ಯಾಚರಣಾ ವ್ಯವಸ್ಥೆಯಲ್ಲೇ ಅಡಕವಾಗಿದೆ.

ಆ್ಯಪಲ್ ಸಂಸ್ಥೆಯು ಐಓಎಸ್ 4ರಲ್ಲಿ ಮತ್ತು ಗೂಗಲ್ ಸಂಸ್ಥೆಯು ಆಂಡ್ರಾಯ್ಡ್ 2.2ರಲ್ಲಿ ಇದಕ್ಕೆ ಅವಕಾಶ ಕಲ್ಪಿಸಿದ್ದು 2010ರಲ್ಲಿ. ಆರಂಭದ ವ್ಯವಸ್ಥೆಯಲ್ಲಿ ಕಚೇರಿಯ ಭಾಗ, ಮನೆಯ ಭಾಗ ಎಂಬ ಭೇದ ದುರ್ಬಲವಾಗಿತ್ತು. ಆಂಡ್ರಾಯ್ಡ್‌ನಲ್ಲಿ ಅಳಿಸುವ ಆದೇಶ ಬಂದರೆ ನೌಕರರು ಸ್ವಂತ ಹಣದಿಂದ ಕೊಂಡ ಫೋನಾದರೂ ಸಂಪೂರ್ಣ ಖಾಲಿಯಾಗುತ್ತಿತ್ತು. 2014ರ ಆಂಡ್ರಾಯ್ಡ್ 5.0 ಆವೃತ್ತಿಯಲ್ಲಿ 'ವರ್ಕ್ ಪ್ರೊಫೈಲ್' ಹಾಗೂ 2019ರ ಐಓಎಸ್ 13ರಲ್ಲಿ 'ಯೂಸರ್ ಎನ್‌ರೋಲ್‌ಮೆಂಟ್' ಬಂದ ಮೇಲೆ ಒಂದೇ ಫೋನಿನೊಳಗೆ ಎರಡು ಪ್ರತ್ಯೇಕ ಕೋಣೆಗಳನ್ನು ಕಟ್ಟುವುದು ಸಾಧ್ಯವಾಯಿತು.

ಮೈಕ್ರೋಸಾಫ್ಟ್‌ನ ಇನ್‌ಟ್ಯೂನ್ ಈ ಕ್ಷೇತ್ರದ ಪ್ರಮುಖ ತಂತ್ರಾಂಶಗಳಲ್ಲಿ ಒಂದು. ಬೆಂಗಳೂರಿನ 42 ಗೇರ್ಸ್ ಸಂಸ್ಥೆಯ ಶೂರ್‌ಎಂಡಿಎಂ ಮತ್ತು ಚೆನ್ನೈನ ಜೋಹೋ ಸಂಸ್ಥೆಯ ಮ್ಯಾನೇಜ್‌ಎಂಜಿನ್ ಈ ಸಾಲಿನಲ್ಲಿರುವ ಭಾರತೀಯ ತಯಾರಿಕೆಗಳು.

ಫೋನ್ ಯಾರದು?

ನೀತಿ ರೂಪಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆಯಿದು. ಉತ್ತರಕ್ಕೆ ತಕ್ಕಂತೆ ನೋಂದಣಿಯ ವಿಧಾನ ಬದಲಾಗುತ್ತದೆ.

1. ನೌಕರರ ಸ್ವಂತ ಫೋನ್: ಆಂಡ್ರಾಯ್ಡ್ ಆದರೆ ವರ್ಕ್ ಪ್ರೊಫೈಲ್, ಐಫೋನ್ ಆದರೆ ಯೂಸರ್ ಎನ್‌ರೋಲ್‌ಮೆಂಟ್ ಸೂಕ್ತ. ಸಂಸ್ಥೆಯ ಅಧಿಕಾರ ಕಚೇರಿಯ ಕೋಣೆಗೆ ಸೀಮಿತ. ವೈಯಕ್ತಿಕ ಆ್ಯಪ್‌ಗಳ ಪಟ್ಟಿ, ಭಾವಚಿತ್ರ, ಸಂದೇಶ ಯಾವುದೂ ಆಡಳಿತಗಾರನಿಗೆ ಕಾಣುವುದಿಲ್ಲ. ಅಳಿಸುವ ಆದೇಶ ಕೊಟ್ಟರೆ ಕಚೇರಿಯ ಭಾಗ ಮಾತ್ರ ಅಳಿಯುತ್ತದೆ.

2. ಸಂಸ್ಥೆ ಕೊಟ್ಟ, ಸ್ವಂತಕ್ಕೂ ಬಳಸಬಹುದಾದ ಫೋನ್: ಇಲ್ಲಿಯೂ ಎರಡು ಕೋಣೆಗಳಿರುತ್ತವೆ. ಆಂಡ್ರಾಯ್ಡ್ 11ರಿಂದ ಈಚೆಗೆ ವೈಯಕ್ತಿಕ ಭಾಗದೊಳಗೆ ಇಣುಕುವ ಅವಕಾಶವನ್ನು ಮೊಟಕುಗೊಳಿಸಲಾಗಿದೆ. ಆದರೆ ಫೋನು ಸಂಸ್ಥೆಯದಾದ್ದರಿಂದ ಅದನ್ನು ಪೂರ್ತಿಯಾಗಿ ಅಳಿಸುವ ಅಧಿಕಾರ ಸಂಸ್ಥೆಗಿದೆ. ಇದನ್ನು ನೌಕರರಿಗೆ ಮೊದಲೇ ಹೇಳಬೇಕು.

3. ಕೆಲಸಕ್ಕೆ ಮಾತ್ರ ಮೀಸಲಾದ ಫೋನ್: ಗೋದಾಮಿನ ಸರಕು ಎಣಿಕೆ, ಸರಕು ವಿತರಣೆ, ಮೀಟರ್ ಓದುವಿಕೆ ಮುಂತಾದವುಗಳಿಗೆ ಬಳಸುವ ಫೋನ್‌ಗಳಿಗೆ ಪೂರ್ಣ ನಿರ್ವಹಣೆ ಸರಿ. ಒಂದೆರಡು ಆ್ಯಪ್‌ಗಳ ಹೊರತು ಬೇರೇನೂ ತೆರೆಯದಂತೆ ಇವನ್ನು ಕಟ್ಟಿಹಾಕಬಹುದು.

ಹೊಸ ಆಂಡ್ರಾಯ್ಡ್ ಫೋನಿನ ಸ್ವಾಗತ ಪರದೆಯನ್ನು 6 ಬಾರಿ ಮುಟ್ಟಿ, ತೆರೆದುಕೊಳ್ಳುವ ಕ್ಯಾಮೆರಾದಲ್ಲಿ ಕ್ಯೂಆರ್ ಸಂಕೇತವನ್ನು ಓದಿಸಿದರೆ ಪೂರ್ಣ ನಿರ್ವಹಣೆಯ ನೋಂದಣಿ ಆರಂಭವಾಗುತ್ತದೆ. ಈಗಾಗಲೇ ಬಳಕೆಯಲ್ಲಿರುವ ಫೋನನ್ನು ಈ ವಿಧಕ್ಕೆ ಬದಲಿಸಬೇಕಾದರೆ ಮೊದಲು ಅದನ್ನು ಖಾಲಿ ಮಾಡಬೇಕು. ಆದ್ದರಿಂದ ಸಂಸ್ಥೆಯ ಫೋನ್‌ಗಳನ್ನು ಹಂಚುವ ಮುನ್ನವೇ ನೋಂದಾಯಿಸುವುದು ಲೇಸು.

ನೀತಿಯಲ್ಲಿ ಇರಬೇಕಾದ ಅಂಶಗಳು

* ಪರದೆಯ ಬೀಗ: ಕನಿಷ್ಠ 6 ಅಂಕಿಗಳ ಪಿನ್, ಕೆಲವು ನಿಮಿಷ ಬಳಸದಿದ್ದರೆ ತಾನಾಗಿಯೇ ಬೀಗ. ತಪ್ಪು ಪಿನ್ ಹಲವು ಬಾರಿ ಒತ್ತಿದರೆ ದತ್ತಾಂಶ ಅಳಿಯುವ ನಿಯಮವನ್ನು ಎಚ್ಚರದಿಂದ ಬಳಸಬೇಕು. ಮನೆಯ ಮಗು ಆಟವಾಡುತ್ತಾ ಒತ್ತಿದರೂ ಫಲ ಒಂದೇ.

* ಗೂಢಲಿಪೀಕರಣ: ಫೋನಿನೊಳಗಿನ ದತ್ತಾಂಶ ಗೂಢಲಿಪಿಯಲ್ಲೇ ಇರಬೇಕು. ಇತ್ತೀಚಿನ ಫೋನ್‌ಗಳಲ್ಲಿ ಇದು ತಾನಾಗಿಯೇ ಇರುತ್ತದೆಯಾದರೂ ಪರದೆಗೆ ಬೀಗವಿಲ್ಲದಿದ್ದರೆ ಪ್ರಯೋಜನ ಅಲ್ಪ.

* ಪರಿಷ್ಕರಣೆ: ಭದ್ರತಾ ಪರಿಷ್ಕರಣೆ ನಿಂತುಹೋದ ಫೋನಿಗೆ ಕಚೇರಿಯ ಮೇಲ್ ಕೊಡಬಾರದು. ಸಂಸ್ಥೆಯೇ ಅಗ್ಗದ ಫೋನ್‌ಗಳನ್ನು ಒಟ್ಟಾಗಿ ಕೊಳ್ಳುವಾಗ ತಯಾರಕರು ಎಷ್ಟು ವರ್ಷ ಪರಿಷ್ಕರಣೆ ಕೊಡುತ್ತಾರೆ ಎಂದು ವಿಚಾರಿಸುವುದು ಬೆಲೆ ವಿಚಾರಿಸುವಷ್ಟೇ ಮುಖ್ಯ.

* ದತ್ತಾಂಶದ ಓಡಾಟ: ಕಚೇರಿಯ ಕೋಣೆಯಿಂದ ವೈಯಕ್ತಿಕ ಕೋಣೆಗೆ ನಕಲು ಮಾಡುವುದು, ಕಡತ ಹಂಚುವುದು, ಪರದೆಯ ಚಿತ್ರ ತೆಗೆಯುವುದು ಇವುಗಳಲ್ಲಿ ಯಾವುದಕ್ಕೆ ತಡೆ, ಯಾವುದಕ್ಕೆ ಅನುಮತಿ ಎಂಬುದು ಸ್ಪಷ್ಟವಿರಬೇಕು.

* ಆ್ಯಪ್‌ಗಳು: ಅಧಿಕೃತ ಮಳಿಗೆಯ ಹೊರಗಿನಿಂದ ಆ್ಯಪ್ ಅಳವಡಿಸುವುದಕ್ಕೆ ತಡೆ. ಮೂಲ ರಕ್ಷಣೆಯನ್ನು ಮುರಿದ, ಅಂದರೆ ರೂಟ್ ಅಥವಾ ಜೈಲ್‌ಬ್ರೇಕ್ ಮಾಡಿದ ಫೋನ್‌ಗೆ ಪ್ರವೇಶ ನಿಷೇಧ.

* ಸ್ಥಳ ಮಾಹಿತಿ: ಮಾರಾಟ ಪ್ರತಿನಿಧಿಗಳ ಓಡಾಟ ನೋಡಬೇಕಿದ್ದರೆ ಯಾವ ಫೋನಿನಲ್ಲಿ, ಯಾವ ಗಂಟೆಯಿಂದ ಯಾವ ಗಂಟೆಯವರೆಗೆ, ಎಷ್ಟು ದಿನ ಉಳಿಸಿಕೊಳ್ಳಲಾಗುತ್ತದೆ ಎಂಬುದನ್ನು ಬರೆಯಬೇಕು. ಕೆಲಸದ ವೇಳೆ ಮುಗಿದ ಮೇಲೆ ನೋಡುವುದಕ್ಕೆ ಸಮರ್ಥನೆ ಸಿಗದು.

ಇಷ್ಟೆಲ್ಲ ಮಾಡಿದರೂ ಒಂದು ಕಿಂಡಿ ಉಳಿಯುತ್ತದೆ. ಅಂಗಡಿಯವರ ಆರ್ಡರ್, ಬಿಲ್ಲಿನ ಚಿತ್ರ, ದರಪಟ್ಟಿ ಎಲ್ಲವೂ ನೌಕರರ ಸ್ವಂತ ವಾಟ್ಸ್‌ಆ್ಯಪ್‌ನಲ್ಲೇ ಓಡಾಡುತ್ತಿದ್ದರೆ ಅವು ವೈಯಕ್ತಿಕ ಕೋಣೆಯಲ್ಲಿರುತ್ತವೆ. ಅಲ್ಲಿಗೆ ಎಂಡಿಎಂ ಕೈ ಚಾಚದು. ಬರಿಯ ನಿಷೇಧದಿಂದ ಈ ರೂಢಿ ನಿಲ್ಲುವುದಿಲ್ಲ. ಅಷ್ಟೇ ಸುಲಭವಾದ ಬದಲಿ ಮಾರ್ಗವನ್ನು ಕಚೇರಿಯ ಕೋಣೆಯೊಳಗೆ ಒದಗಿಸಿದಾಗ ಮಾತ್ರ ನಿಯಮಕ್ಕೆ ಬಲ ಬರುತ್ತದೆ.

ಅಳಿಸುವ ಅಧಿಕಾರ ಯಾರ ಕೈಯಲ್ಲಿ?

ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅಪಾಯಕಾರಿ ಸಾಧನವೆಂದರೆ ದೂರದಿಂದ ಅಳಿಸುವ ಗುಂಡಿ. 2024ರ ಆಗಸ್ಟ್‌ನಲ್ಲಿ ಮೊಬೈಲ್ ಗಾರ್ಡಿಯನ್ ಎಂಬ ಸಾಧನ ನಿರ್ವಹಣಾ ಸೇವೆಗೆ ದುಷ್ಕರ್ಮಿಗಳು ನುಗ್ಗಿದರು. ಪರಿಣಾಮವಾಗಿ ಸಿಂಗಪುರದ 26 ಪ್ರೌಢಶಾಲೆಗಳ ಸುಮಾರು 13,000 ವಿದ್ಯಾರ್ಥಿಗಳ ಸಾಧನಗಳಿಂದ ದತ್ತಾಂಶ ಅಳಿಸಿಹೋಯಿತು. ಅಲ್ಲಿನ ಶಿಕ್ಷಣ ಸಚಿವಾಲಯ ಆ ಆ್ಯಪ್‌ಅನ್ನು ಎಲ್ಲ ಸಾಧನಗಳಿಂದ ತೆಗೆದುಹಾಕಬೇಕಾಯಿತು. ಅದಕ್ಕೂ ಒಂದು ವರ್ಷ ಮೊದಲು, 2023ರ ಜುಲೈನಲ್ಲಿ, ಇವಾಂಟಿ ಸಂಸ್ಥೆಯ ಎಂಡಿಎಂ ತಂತ್ರಾಂಶದಲ್ಲಿದ್ದ ದೋಷವನ್ನು ಬಳಸಿ ನಾರ್ವೆ ಸರಕಾರದ 12 ಸಚಿವಾಲಯಗಳು ಬಳಸುತ್ತಿದ್ದ ವ್ಯವಸ್ಥೆಗೆ ದಾಳಿಕೋರರು ನುಗ್ಗಿದ್ದರು.

ಭಾರತವೂ ಇದಕ್ಕೆ ಹೊರತಲ್ಲ. ದೇಶದ 13 ಐಫೋನ್‌ಗಳನ್ನು ಯಾರೋ ಮೋಸದಿಂದ ತಮ್ಮದೇ ಎಂಡಿಎಂ ಸರ್ವರ್‌ಗೆ ನೋಂದಾಯಿಸಿ, ತಿರುಚಿದ ವಾಟ್ಸ್‌ಆ್ಯಪ್ ಹಾಗೂ ಟೆಲಿಗ್ರಾಮ್ ಆ್ಯಪ್‌ಗಳನ್ನು ತೂರಿಸಿದ್ದನ್ನು ಸಿಸ್ಕೋ ಸಂಸ್ಥೆಯ ಟಾಲೋಸ್ ಸಂಶೋಧನಾ ತಂಡ 2018ರ ಜುಲೈನಲ್ಲಿ ಬಯಲಿಗೆಳೆಯಿತು.

ಈ ಘಟನೆಗಳಿಂದ ಮೂರು ನಿಯಮಗಳು ಹೊರಡುತ್ತವೆ. ಎಂಡಿಎಂ ಆಡಳಿತಗಾರರ ಖಾತೆಗೆ ಪಾಸ್‌ವರ್ಡ್ ಜೊತೆಗೆ ಎರಡನೆಯ ಹಂತದ ದೃಢೀಕರಣ ಕಡ್ಡಾಯವಿರಬೇಕು. ಅಳಿಸುವ ಆದೇಶಕ್ಕೆ ಇಬ್ಬರ ಒಪ್ಪಿಗೆ ಬೇಕೆಂದು ನೀತಿ ಹೇಳಬೇಕು ಮತ್ತು ಪ್ರತಿ ಆದೇಶವೂ ದಾಖಲಾಗಬೇಕು. ಅಧಿಕೃತ ನೋಂದಣಿ ಹೇಗೆ ನಡೆಯುತ್ತದೆ, ಸೆಟಿಂಗ್ಸ್‌ನಲ್ಲಿ ಯಾವ ಹೆಸರು ಕಾಣಬೇಕು ಎಂಬುದನ್ನು ನೌಕರರಿಗೆ ತೋರಿಸಿಕೊಡಬೇಕು. ಆಗ ಅಪರಿಚಿತ ಪ್ರೊಫೈಲ್ ಅಳವಡಿಸಲು ಯಾರಾದರೂ ಒತ್ತಾಯಿಸಿದರೆ ಅವರು ನಿರಾಕರಿಸಬಲ್ಲರು.

ಫೋನು ಕಳೆದಾಗ, ಕೆಲಸ ಬಿಟ್ಟಾಗ

ಅಳಿಸುವ ಆದೇಶ ಫೋನಿಗೆ ತಲುಪುವುದು ಅದು ಅಂತರ್ಜಾಲದ ಸಂಪರ್ಕದಲ್ಲಿದ್ದಾಗ ಮಾತ್ರ. ಕಳ್ಳ ಮೊದಲು ಮಾಡುವ ಕೆಲಸವೇ ಫೋನ್ ಆರಿಸಿ ಸಿಮ್ ಕೀಳುವುದು. ಹಾಗಾಗಿ ನಿಜವಾದ ರಕ್ಷಣೆ ಇರುವುದು ಪರದೆಯ ಬೀಗ ಮತ್ತು ಗೂಢಲಿಪಿಯಲ್ಲಿ. ಫೋನು ಕಳೆದರೆ ಯಾರಿಗೆ, ಎಷ್ಟು ಗಂಟೆಯೊಳಗೆ ತಿಳಿಸಬೇಕೆಂಬುದನ್ನು ನೀತಿಯಲ್ಲಿ ನಮೂದಿಸಬೇಕು. ತಿಳಿಸಿದವರನ್ನು ದಂಡಿಸಿದರೆ ಮುಂದಿನವರು ಮುಚ್ಚಿಡುತ್ತಾರೆ ಎಂಬುದನ್ನೂ ಆಡಳಿತ ನೆನಪಿಡಬೇಕು. ಸುದ್ದಿ ಬಂದೊಡನೆ ಕಚೇರಿ ಖಾತೆಯ ಪಾಸ್‌ವರ್ಡ್ ಬದಲಿಸಿ, ಪೊಲೀಸ್ ದೂರಿನ ಪ್ರತಿಯೊಂದಿಗೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಫೋನಿನ ಐಎಂಇಐ ಸಂಖ್ಯೆಯನ್ನು ತಡೆಹಿಡಿಸಬಹುದು.

ಕೆಲಸ ಬಿಡುವ ದಿನ ನೌಕರರ ಸ್ವಂತ ಫೋನಿನಿಂದ ಕಚೇರಿಯ ಕೋಣೆಯನ್ನಷ್ಟೇ ತೆಗೆಯಬೇಕು. ಸಂಸ್ಥೆಯ ಫೋನಾದರೆ ಭಾವಚಿತ್ರ, ಸಂಪರ್ಕ ಸಂಖ್ಯೆಗಳನ್ನು ನಕಲು ಮಾಡಿಕೊಳ್ಳಲು ಸಮಯ ಕೊಟ್ಟು, ಅವರ ಗೂಗಲ್ ಅಥವಾ ಆ್ಯಪಲ್ ಖಾತೆಯನ್ನು ಫೋನಿನಿಂದ ಹೊರತೆಗೆಸಿದ ಬಳಿಕವೇ ಹಿಂಪಡೆಯಬೇಕು. ಇಲ್ಲದಿದ್ದರೆ ಕಳ್ಳತನ ತಡೆಯಲೆಂದು ಇರುವ ಬೀಗ ಸಂಸ್ಥೆಗೇ ಬೀಳುವ ಸಾಧ್ಯತೆಯಿದೆ.

ಕಾನೂನು ಏನು ಹೇಳುತ್ತದೆ?

ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಈ ತೀರ್ಪು ತಳಹದಿಯಾಯಿತು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳ ಮೇಲಿನ ಪ್ರಮುಖ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು ನಿಗದಿಯಾಯಿತು.

ಉದ್ಯೋಗದ ಉದ್ದೇಶಕ್ಕೆ ಮತ್ತು ವ್ಯಾಪಾರ ರಹಸ್ಯದ ರಕ್ಷಣೆಯಂತಹ ಕಾರಣಗಳಿಗೆ ನೌಕರರ ದತ್ತಾಂಶವನ್ನು ಅವರ ಸಮ್ಮತಿಯಿಲ್ಲದೆಯೂ ಬಳಸಲು ಕಾಯ್ದೆಯ 7ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಹಾಗೆಂದು ಅದನ್ನು ನೌಕರರ ಇಡೀ ಫೋನನ್ನು ಜಾಲಾಡಲು ಸಿಕ್ಕ ಪರವಾನಗಿ ಎಂದು ಭಾವಿಸುವುದು ತಪ್ಪಾದೀತು. ದತ್ತಾಂಶಕ್ಕೆ ತಕ್ಕ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಸಮ್ಮತಿ ಕೇಳುವ ಸಂದರ್ಭದಲ್ಲಿ ಅದರ ತಿಳಿವಳಿಕೆ ಪತ್ರವನ್ನು ಸಂವಿಧಾನದ 8ನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆಯನ್ನೂ ಕೊಡಬೇಕು. ಅವುಗಳಲ್ಲಿ ಕನ್ನಡವೂ ಒಂದು. ಇದಲ್ಲದೆ, ದತ್ತಾಂಶ ಸೋರಿಕೆಯಂತಹ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂಬ 2022ರ ಏಪ್ರಿಲ್ 28ರ ನಿರ್ದೇಶನವೂ ಇದೆ.

ಜಾರಿಯ ಕ್ರಮ

ಮೊದಲು ಒಂದು ಪುಟದ ತಿಳಿವಳಿಕೆ ಪತ್ರ ಸಿದ್ಧವಾಗಬೇಕು. ಸಂಸ್ಥೆಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಏನನ್ನು ಅಳಿಸಬಹುದು, ಯಾವಾಗ ಅಳಿಸಲಾಗುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ನೌಕರರ ಭಾಷೆಯಲ್ಲೇ ನೇರ ಉತ್ತರವಿರಬೇಕು. ಸ್ವಂತ ಫೋನ್ ನೋಂದಾಯಿಸಲು ಒಪ್ಪದವರಿಗೆ ಸಂಸ್ಥೆಯ ಫೋನ್ ಕೊಡುವ ಮಾರ್ಗ ತೆರೆದಿರಬೇಕು.

ಬಳಿಕ ಬೇರೆ ಬೇರೆ ವಿಭಾಗಗಳ ಹತ್ತಿಪ್ಪತ್ತು ಮಂದಿಯ ಫೋನ್‌ಗಳಲ್ಲಿ ಕೆಲವು ವಾರ ಪರೀಕ್ಷಿಸಬೇಕು. ಮೊದಲ ದಿನವೇ ಪ್ರವೇಶ ತಡೆಯುವ ಬದಲು ನಿಯಮ ಪಾಲಿಸದ ಫೋನಿಗೆ ಎಚ್ಚರಿಕೆ, ನಂತರ ಕೆಲವು ದಿನಗಳ ಗಡುವು, ಕೊನೆಗೆ ಪ್ರವೇಶ ನಿರಾಕರಣೆ ಎಂಬ ಕ್ರಮ ಅನುಸರಿಸುವುದು ಉಚಿತ. ಐಫೋನ್‌ಗಳಿದ್ದಲ್ಲಿ ಆ್ಯಪಲ್ ನೀಡುವ ಪುಶ್ ಪ್ರಮಾಣಪತ್ರವನ್ನು ಪ್ರತಿವರ್ಷ ಅದೇ ಆ್ಯಪಲ್ ಖಾತೆಯಿಂದ ನವೀಕರಿಸಬೇಕು. ಒಬ್ಬ ನೌಕರರ ಸ್ವಂತ ಖಾತೆಯಿಂದ ಅದನ್ನು ಪಡೆದಿದ್ದು, ಅವರು ಕೆಲಸ ಬಿಟ್ಟುಹೋದರೆ ಎಲ್ಲ ಐಫೋನ್‌ಗಳನ್ನೂ ಮತ್ತೆ ನೋಂದಾಯಿಸುವ ಪ್ರಸಂಗ ಬಂದೀತು. ಸಂಸ್ಥೆಯ ಹೆಸರಿನ ಖಾತೆಯನ್ನೇ ಬಳಸಿದರೆ ಈ ತೊಂದರೆ ತಪ್ಪುತ್ತದೆ.

ಕಾರ್ಯಾಚರಣಾ ವ್ಯವಸ್ಥೆಗಳ ಹೊಸ ಆವೃತ್ತಿ ಪ್ರತಿವರ್ಷವೂ ಬರುವುದರಿಂದ ನೀತಿಯನ್ನು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕಾಗುತ್ತದೆ. ಸಂಸ್ಥೆಗೆ ಕಾಣುವ ಮಾಹಿತಿಯ ವ್ಯಾಪ್ತಿ ಪ್ರತಿ ಸಲ ಹಿಗ್ಗಿದಾಗಲೂ ತಿಳಿವಳಿಕೆ ಪತ್ರವನ್ನು ಹೊಸದಾಗಿ ಹಂಚಬೇಕು. ತನ್ನ ಫೋನಿನ ಯಾವ ಭಾಗವನ್ನು ಕಚೇರಿ ನೋಡುತ್ತಿದೆ ಎಂದು ಖಚಿತವಾಗಿ ಬಲ್ಲ ನೌಕರರು, ಅದು ಕಳೆದುಹೋದ ಗಳಿಗೆಯಲ್ಲಿ ಕಚೇರಿಗೆ ಕರೆ ಮಾಡಲು ಹಿಂಜರಿಯುವುದಿಲ್ಲ.