ತುಂಬಿದ ಐನೂರು

"ಅವ್ವಾ, ನಿನಗ ವಯಸ್ಸೆಷ್ಟು?" ಅಂದೆ. "ಅರವತ್ತರಾಗ ಬಿದ್ದೀನಿ" ಅಂದಳು. ಪಿಂಚಣಿ ಅರ್ಜಿಯಲ್ಲಿ 60 ಅಂತ ತುಂಬಿದೆ. ಅರ್ಜಿ ವಾಪಸ್ ಬಂತು. ಆಧಾರ್ ಪ್ರಕಾರ ಅವಳಿಗೆ ತುಂಬಿದ್ದು 59. ತಪ್ಪು ಅವ್ವನದಲ್ಲ. ಹಗಲೂ ರಾತ್ರಿ ಕೋಡ್ ಬರೆಯೋ ನಾನೇ ಒಂದರ ಲೆಕ್ಕ ತಪ್ಪಿದ್ದೆ.

ಇಳಕಲ್ ಕಡೆಯ ನಮ್ಮೂರಿಂದ ವಾಪಸ್ ಹೊರಟಾಗ ಬಾದಾಮಿಯ ಮೂರನೇ ಗುಹೆ ಹತ್ತಿದೆ. ಇದೇ ಲೆಕ್ಕ ಅಲ್ಲಿ ಕಲ್ಲಿನ ಮೇಲಿತ್ತು! ಚಾಲುಕ್ಯ ಕೀರ್ತಿವರ್ಮನ ತಮ್ಮ ಮಂಗಳೇಶ ಈ ವಿಷ್ಣು ಗುಹೆ ಮಾಡಿಸಿ, ಸಂಸ್ಕೃತದಲ್ಲಿ ಕಾಲ ಬರೆಸಿದ್ದಾನೆ: ಅಣ್ಣನ ಆಳ್ವಿಕೆಯ 12ನೇ ವರ್ಷ, ಶಕರಾಜನ ಪಟ್ಟಾಭಿಷೇಕದಿಂದ 500 ವರ್ಷ, ಕಾರ್ತಿಕ ಹುಣ್ಣಿಮೆ. ಆ 500ರ ಜೊತೆ 'ಅತಿಕ್ರಾಂತ' ಅನ್ನೋ ಪದವಿದೆ. ಅಂದ್ರೆ ದಾಟಿದ, ತುಂಬಿದ. ನಡೀತಿದ್ದದ್ದು 501. ಹಾಗಾಗಿ 78 ಕೂಡಿಸಿ ಕ್ರಿ.ಶ. 578. 500 ಇನ್ನೂ ನಡೀತಿತ್ತು ಅಂತ ಓದಿದ್ದರೆ 577 ಆಗಿ, ಕೀರ್ತಿವರ್ಮ ಪಟ್ಟಕ್ಕೆ ಬಂದ ವರ್ಷವೂ ಹಿಂದೆ ಜರುಗುತ್ತಿತ್ತು.

ಲೂಕನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ, ಕೆಲವು ಗ್ರೀಕ್ ಹಸ್ತಪ್ರತಿಗಳಲ್ಲಿ, 'ಎರಡನೆಯ-ಮೊದಲ' ಸಬ್ಬತ್ ದಿನ ಅಂತ ಬರುತ್ತೆ. ಬೈಬಲ್ಲಿನಲ್ಲಿ ಇನ್ನೆಲ್ಲೂ ಇಲ್ಲದ ಪದ. ಅರ್ಥದ ಜಗಳ ಇನ್ನೂ ಮುಗಿದಿಲ್ಲ.

ನಮ್ಮ ಪದ ಹಾಗೆ ಒಂಟಿಯಾಗಲಿಲ್ಲ. ಹುನಗುಂದ ತಾಲೂಕಿನ ಐಹೊಳೆಯಲ್ಲಿ ರವಿಕೀರ್ತಿಯೂ ಶಕವರ್ಷ 556 'ಕಳೆದಾಗ' ಅಂತಲೇ ಬರೆದ, ಅದು 634. ಅವ್ವ ಇವತ್ತಿಗೂ ತುಂಬಿದ್ದು ಬೇರೆ, ಬಿದ್ದದ್ದು ಬೇರೆ ಅಂತ ಎಣಿಸ್ತಾಳೆ.

ಅರ್ಜಿ ಮತ್ತೆ ಹಾಕಬೇಕು. ಈ ಸಲ ಕೇಳೋದು ವಯಸ್ಸೆಷ್ಟು ಅಂತಲ್ಲ, "ತುಂಬಿದ್ದೆಷ್ಟು ಅವ್ವಾ?"