ಹೊಸ್ತಿಲು ಬರೆಯುವುದು

ದಿನಪತ್ರಿಕೆಯನ್ನು ಬಿಡಿಸಿದರೆ ಎಲ್ಲಿಯಾದರೂ ಒಂದೆಡೆ ಹೊಸ್ತಿಲು ಕಣ್ಣಿಗೆ ಬೀಳದಿರುವುದಿಲ್ಲ. ರಾಜ್ಯವು ಚುನಾವಣೆಯ ಹೊಸ್ತಿಲಲ್ಲಿರುತ್ತದೆ. ಕ್ರಿಕೆಟ್ ತಂಡವು ಗೆಲುವಿನ ಹೊಸ್ತಿಲಲ್ಲಿ ಎಡವುತ್ತದೆ. ಷೋಡಶಿಯು ಯೌವನದ ಹೊಸ್ತಿಲಲ್ಲಿ ನಿಂತೇ ಇರುತ್ತಾಳೆ. ಹೀಗೆ ಅಲಂಕಾರದ ಭಾಷೆಯಲ್ಲಿ ಸಮೃದ್ಧವಾಗಿ ಬಾಳುತ್ತಿರುವ ಈ ಪದವು, ತನ್ನ ಜನ್ಮಕ್ಕೆ ಕಾರಣವಾದ ಮರದ ತುಂಡನ್ನು ಮಾತ್ರ ಸದ್ದಿಲ್ಲದೆ ಕಳೆದುಕೊಳ್ಳುತ್ತಿದೆಯೆಂಬುದು, ಕಾರವಾರದ ಮಗ್ಗುಲಿನ ಶಿರವಾಡದಲ್ಲಿ, ರೈಲು ನಿಲ್ದಾಣದ ಆಸುಪಾಸಿನ ಹೊಸ ಮನೆಗಳನ್ನೂ ತೆಂಗಿನ ನೆರಳಿನಲ್ಲಿ ಅಡಗಿರುವ ಹಂಚಿನ ಮನೆಗಳನ್ನೂ ಒಂದೇ ಸಂಜೆಯಲ್ಲಿ ನೋಡುತ್ತ ನಡೆದವನಿಗೆ ಯಾರೂ ಹೇಳದೆಯೇ ತಿಳಿಯುತ್ತದೆ.

ಹೊಸ ಮನೆಗಳ ಪ್ರವೇಶದ್ವಾರವು ನಿಜಕ್ಕೂ ಸೊಗಸಾಗಿದೆ. ಹಿತ್ತಾಳೆಯ ಉರುಳಿಯಲ್ಲಿ ತೇಲುವ ಹೂಗಳು, ಹೆಸರು ಕೆತ್ತಿದ ಫಲಕ, ಹೊರಡುವ ಮುನ್ನ ಮುಖ ನೋಡಿಕೊಳ್ಳಲು ಕನ್ನಡಿ, ಬೀಗದಕೈ ನೇತುಹಾಕಲು ಕೊಕ್ಕೆ, ಚಪ್ಪಲಿಗಳಿಗೊಂದು ಕಪಾಟು: ಎಲ್ಲವೂ ಇವೆ. ಗೇಟಿನಿಂದ ಹಿಡಿದು ಒಳಮನೆಯವರೆಗೂ ನುಣುಪಾದ ಟೈಲ್ಸು ಎಲ್ಲಿಯೂ ತಡೆಯಿಲ್ಲದೆ ಹರಿದಿರುತ್ತದೆ. ಬಾಗಿಲಿನ ಚೌಕಟ್ಟಿಗೆ ಈಗ ಮೂರೇ ಪಟ್ಟಿ. ನಾಲ್ಕನೆಯದು, ಎಂದರೆ ಕೆಳಗಿನದು, ಇಲ್ಲ. ಅದು ಇದ್ದಿರಬೇಕಾದ ಸ್ಥಳದಲ್ಲಿ ರಂಗೋಲಿಯ ಸ್ಟಿಕ್ಕರೊಂದು ಅಂಟಿಕೊಂಡಿರುತ್ತದೆ.

ಪದದ ಸಂಗಡ ಬಳಕೆಯಾಗುವ ಕ್ರಿಯಾಪದಗಳನ್ನು ಗಮನಿಸಿದರೆ ಒಂದು ವಿನೋದ ಕಾಣುತ್ತದೆ. ಹೊಸ್ತಿಲನ್ನು ದಾಟಬೇಕು, ತುಳಿಯಬಾರದು, ಅದರ ಮೇಲೆ ಕೂರಬಾರದು, ಅಲ್ಲಿ ನಿಂತು ಕೊಡುಕೊಳ್ಳುವುದು ಸಲ್ಲದು ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತ ಬಂದ ನಾವೇ, ಜಗಳವಾಡಿದ ದಿನ “ಇನ್ನು ನಿಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ” ಎಂದು ಶಪಥ ಮಾಡುತ್ತೇವೆ. ಇಷ್ಟು ವರ್ಷ ತುಳಿಯುತ್ತಲೇ ಇದ್ದೆವೆಂದು ಒಪ್ಪಿಕೊಂಡಂತಾಯಿತಲ್ಲ! ಸೇರಕ್ಕಿಯನ್ನು ಒದ್ದು ಬರುವ ಮದುಮಗಳ ವಿಷಯದಲ್ಲಿಯೂ ಭಾಷೆ ಇದೇ ಸ್ವಾತಂತ್ರ್ಯ ವಹಿಸಿದೆ: “ಹೊಸಿಲು ಮೆಟ್ಟಿದ ಹೆಣ್ಣು” ಎಂಬ ಹೆಸರಿನ ಚಲನಚಿತ್ರವೇ ಕನ್ನಡದಲ್ಲುಂಟು. ಆಚಾರವು ದಾಟೆನ್ನುತ್ತದೆ, ಮಾತು ಮೆಟ್ಟೆನ್ನುತ್ತದೆ. ಇವೆರಡರ ನಡುವೆ ಹೊಸ್ತಿಲು ಸವೆಯುತ್ತದೆ.

ನೆರೆಯ ಮರಾಠಿಯವರು ಅದನ್ನು ಉಂಬರಾ, ಉಂಬರಠಾ ಎನ್ನುತ್ತಾರೆ. ಊರಿನ ಮನೆಗಳನ್ನು ಎಣಿಸುವಾಗ ಇಷ್ಟು ಉಂಬರಿನ ಹಳ್ಳಿಯೆಂದು ಹೇಳುವ ರೂಢಿ ಅವರಲ್ಲಿದೆ. ಗೋಡೆ, ಮಾಡು, ಒಲೆಗಳನ್ನೆಲ್ಲ ಬಿಟ್ಟು ಬಾಗಿಲ ಕೆಳಗಣ ಮರವನ್ನೇ ಸಂಸಾರದ ಗುರುತಾಗಿ ಹಿಡಿದ ಆ ಲೆಕ್ಕ ನನಗೆ ಬಹಳ ಹಿಡಿಸಿತು. ಮನೆಯನ್ನು ಬಿಟ್ಟು ಹೊರಟ ಹೆಣ್ಣಿನ ಕಥೆಯನ್ನು ಹೇಳುವ 1982ರ ಮರಾಠಿ ಚಿತ್ರಕ್ಕೆ ಜಬ್ಬಾರ್ ಪಟೇಲರು ‘ಉಂಬರಠಾ’ ಎಂದು ಹೆಸರಿಟ್ಟಾಗ ಪ್ರೇಕ್ಷಕರಿಗೆ ವ್ಯಾಖ್ಯಾನ ಬೇಕಾಗಿರಲಿಲ್ಲ. ಸಂಸ್ಕೃತದ ‘ದೇಹಲಿ’ಯಾದರೋ ಶಾಸ್ತ್ರಕಾರರ ಪಾಲಾಯಿತು. ಹೊಸ್ತಿಲ ಮೇಲಿಟ್ಟ ಹಣತೆ ಒಳಗೂ ಹೊರಗೂ ಬೆಳಕು ಬೀರುವಂತೆ ಒಂದೇ ಪದವು ಹಿಂದಿನ ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ಅನ್ವಯಿಸುವುದನ್ನು ಅವರು ದೇಹಲೀದೀಪನ್ಯಾಯವೆಂದು ಕರೆದರು.

ಆದರೆ ಕರಾವಳಿಯ ಕನ್ನಡವು ಈ ಪದಕ್ಕೆ ಕೊಟ್ಟಿರುವ ಕ್ರಿಯಾಪದವೇ ಎಲ್ಲಕ್ಕಿಂತ ಅರ್ಥವತ್ತಾದುದೆಂದು ನನ್ನ ಭಾವನೆ. ಇಲ್ಲಿ ಹೊಸ್ತಿಲನ್ನು ‘ಬರೆಯುತ್ತಾರೆ’. ಹೊಸ್ತಿಲ ಮೇಲೆ ಬರೆಯುವುದಲ್ಲ, ಹೊಸ್ತಿಲನ್ನೇ ಬರೆಯುವುದು. ಶಿರವಾಡದ ಹಳೆಯ ಮನೆಯೊಂದರಲ್ಲಿ ವೃದ್ಧೆಯೊಬ್ಬರು ಈ ಕೆಲಸದಲ್ಲಿ ತೊಡಗಿದ್ದುದನ್ನು ನಾನು ಅಂಗಳದಲ್ಲಿ ನಿಂತು ನೋಡಿದೆ. ಮೊದಲು ಒದ್ದೆ ಬಟ್ಟೆಯಿಂದ ಮರವನ್ನು ಉದ್ದಕ್ಕೂ ಒರೆಸಿ, ಸಂದಿಯಲ್ಲಿ ಸೇರಿದ ಮರಳನ್ನು ಹಿಡಿಕಡ್ಡಿಯಿಂದ ಕೆದಕಿ ತೆಗೆದು, ಇರುವೆಯ ಸಾಲು ಎಲ್ಲಿಂದ ಬರುತ್ತಿದೆಯೆಂದು ಬಗ್ಗಿ ನೋಡಿ, ಅನಂತರ ನೀರಿನಲ್ಲಿ ಕದಡಿದ ಕೆಮ್ಮಣ್ಣನ್ನು ಬಟ್ಟೆಯ ಚಿಂದಿಯಿಂದ ಬಳಿದರು. ಅದು ಆರಿದ ಮೇಲೆ, ಗರಟೆಯಲ್ಲಿ ನೆನೆಸಿಟ್ಟಿದ್ದ ಶೇಡಿಮಣ್ಣಿಗೆ ಬೆರಳದ್ದಿ ಅಡ್ಡಗೆರೆ, ಚುಕ್ಕೆ, ಮತ್ತೆ ಗೆರೆ. ಶೇಡಿ ಹಸಿಯಾಗಿರುವಾಗ ಕೆಂಪಿನ ಮೇಲೆ ಏನನ್ನು ಬರೆದರೆಂಬುದೇ ಕಾಣದು. ನೀರು ಇಂಗಿದಂತೆಲ್ಲ ಬಿಳಿಯ ಗೆರೆಗಳು ಒಂದೊಂದಾಗಿ ಮೂಡಿಬರುತ್ತವೆ. ಕಾಲಿಡಲು ಹಿಂಜರಿದ ನನ್ನನ್ನು ಕಂಡು ಅವರು ತಲೆಯೆತ್ತಿ, “ತಮಾ, ದಾಟ್ಕಂಡು ಬಾ, ಮೆಟ್ಬೇಡ” ಎಂದರು.

ಅಲ್ಲಿ ಗುಡಿಸುವುದೆಲ್ಲಿ ಮುಗಿಯಿತು, ಶೃಂಗರಿಸುವುದೆಲ್ಲಿ ಆರಂಭವಾಯಿತೆಂದು ಹೇಳಲು ನನ್ನಿಂದಾಗದು. ಒರಲೆ ಹತ್ತುವ ಮರ, ಮಳೆನೀರು ತಾಗುವ ಬುಡ, ಹುಳುಹುಪ್ಪಟೆಗಳು ನುಸುಳುವ ಸಂದು: ಇವನ್ನು ಮನೆಯವರಾರಾದರೂ ಬಗ್ಗಿ ನೋಡಲೇಬೇಕಾಗಿದ್ದಿತು, ಗೆರೆಯೆಳೆಯುವ ನೆಪದಲ್ಲಿ ಆ ಪರೀಕ್ಷೆ ನಡೆದುಹೋಗುತ್ತಿದ್ದಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಬಾಗಿಲ ಬುಡವೇ ಮನೆಯ ಅತ್ಯಂತ ದುರ್ಬಲ ಸ್ಥಾನವಷ್ಟೆ. ಸ್ಟಿಕ್ಕರು ಈ ಜೋಡಿಕಾರ್ಯವನ್ನು ಒಡೆದುಬಿಟ್ಟಿತು. ಚೆಲುವು ಶಾಶ್ವತವಾಯಿತು, ಆದುದರಿಂದ ಬಗ್ಗಿ ನೋಡುವವರಿಲ್ಲವಾದರು. ಅಂಚು ಮೆಲ್ಲನೆ ಮೇಲೆದ್ದು ಅಡಿಯಲ್ಲಿ ಕೊಳೆ ಸೇರಿ ಕಪ್ಪಾಗುವುದು ಮಳೆಗಾಲದ ನಡುವೆ ಯಾರದೋ ಕಾಲಿಗೆ ಅದು ಅಂಟಿಕೊಂಡಾಗಲೇ ಗೊತ್ತಾಗುತ್ತದೆ.

ಈ ಕೆಂಪು ಬಿಳಿಗಳ ಜೋಡಿಗೆ ಕರಾವಳಿಯಲ್ಲಿ ದೊಡ್ಡ ಮನೆತನವಿದೆ. ಕೊಂಕಣ ತೀರದ ಹಳೆಯ ದೇಗುಲಗಳ ಗೋಡೆಗಳಲ್ಲಿ ಕಾಣುವ ಕಾವಿ ಚಿತ್ರಗಳೂ ಇವೇ ಎರಡು ಬಣ್ಣಗಳವು. ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಂಪುಮಣ್ಣಿನ ಪದರವನ್ನು ಹಚ್ಚಿ, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳುಪನ್ನು ಹೊರತರುವ ಆ ಕಲೆಯನ್ನು ಹೊನ್ನಾವರದ ಕೃಷ್ಣಾನಂದ ಕಾಮತರು ಶ್ರಮಪಟ್ಟು ದಾಖಲಿಸಿದರು. ದೇವರ ಗೋಡೆಯ ಮೇಲೆ ತಲೆಮಾರುಗಳವರೆಗೆ ಬಾಳಿದ ವರ್ಣಸಂಯೋಜನೆಯೇ ಮನೆಯ ಹೊಸ್ತಿಲಿನಲ್ಲಿ ಸಂಜೆಯೊಳಗೆ ಅಳಿಸಿಹೋಗುತ್ತಿದ್ದಿತು. ಅದಕ್ಕಾಗಿ ಯಾರೂ ವ್ಯಥೆಪಟ್ಟಂತೆ ಕಾಣೆ. ಶ್ರಾವಣದ ಶುಕ್ರವಾರ ಭಾನುವಾರಗಳಂದು ಸಾರಸ್ವತರ ಮನೆಗಳಲ್ಲಿ ನಡೆಯುವ ಚೂಡಿಪೂಜೆಯೂ ಇದೇ ಜಾತಿಯದು. ಗರಿಕೆ ಮತ್ತು ಹಿತ್ತಿಲ ಹೂಗಳನ್ನು ಬಾಳೆಯ ನಾರಿನಿಂದ ಚಿಕ್ಕ ಚಿಕ್ಕ ಕಟ್ಟುಗಳಾಗಿ ಬಿಗಿದು, ತುಳಸಿಗೂ ಹೊಸ್ತಿಲಿಗೂ ಅರ್ಪಿಸಿ, ಮುತ್ತೈದೆಯರು ಪರಸ್ಪರ ಹಂಚಿಕೊಳ್ಳುತ್ತಾರೆ. ಮರುದಿನಕ್ಕೆ ಬಾಡುವ ವಸ್ತುವಾದುದರಿಂದಲೇ ಮುಂದಿನ ವಾರ ಮತ್ತೆ ಹಿತ್ತಿಲಿಗಿಳಿಯಬೇಕು. ತೆಂಕಣ ಕುಂದಾಪುರದ ಕಡೆ ಸೋಣೆ ತಿಂಗಳಿನಲ್ಲಿ ಹೊಸ್ತಿಲಿಗೆ ಪೂಜೆ ಸಲ್ಲಿಸಿ, ಅದನ್ನು ಅಜ್ಜಿಯೆಂದೇ ಕರೆಯುತ್ತಾರೆ.

ಇಷ್ಟನ್ನು ಹೇಳಿ, ಹೊಸ ಮನೆ ಕಟ್ಟುವವರೆಲ್ಲರೂ ಕೆಮ್ಮಣ್ಣು ಕಲಸಲೆಂದು ವಿಧಿಸುವ ಧೈರ್ಯ ನನಗಿಲ್ಲ. ಮುಂಜಾನೆ ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೊರಡುವ ಮನೆಯಲ್ಲಿ ಶೇಡಿ ನೆನೆಸುವವರಾರು? ಹಿಂದೆಯೂ ಆ ಭಾರವೆಲ್ಲ ಹೆಂಗಸರ ಬೆನ್ನಿನ ಮೇಲೆಯೇ ಇದ್ದುದೆಂಬುದನ್ನು ಹಳೆಯದರ ಸೊಬಗನ್ನು ಹೊಗಳುವವರು ಮರೆಯಬಾರದು. ಎತ್ತರದ ಹೊಸ್ತಿಲಿಗೆ ಮಂಡಿನೋವಿನವರು ಎಡವುತ್ತಾರೆ. ಗಾಲಿಕುರ್ಚಿಗಂತೂ ಅದು ಗೋಡೆಯೇ ಸರಿ. ಆದರೂ ಬಾಗಿಲ ಮುಂದೆ ಏನನ್ನಿಟ್ಟರೂ, ಅದನ್ನು ತೊಳೆಯಲು ಒರೆಸಲು ಕೈ ತಾನಾಗಿ ಹೋಗುವಂತಿರಲೆಂದು ಕೇಳುವುದು ಅತಿಯಾಗದು. ಉಪ್ಪುಗಾಳಿಗೆ ಕಬ್ಬಿಣದ ಚಪ್ಪಲಿಸ್ಟ್ಯಾಂಡು ತುಕ್ಕು ಹಿಡಿಯುತ್ತದೆ, ಪ್ಲೈವುಡ್ಡಿನ ಕಪಾಟು ಆಷಾಢದಲ್ಲಿ ಊದಿಕೊಂಡು ಬಾಗಿಲು ಮುಚ್ಚದಾಗುತ್ತದೆ, ಒಳಗಿನ ಬೂಟುಗಳಿಗೆ ಬೂಷ್ಟು ಹತ್ತುತ್ತದೆ. ಸಂದುಬಿಟ್ಟು ಹೊಡೆದ ಮರದ ಪಟ್ಟಿಗಳ ತೆರೆದ ಹಲಗೆಯೊಂದಿದ್ದರೆ ನೀರು ಇಳಿದುಹೋಗುತ್ತದೆ, ಕೂತು ಚಪ್ಪಲಿ ಹಾಕಿಕೊಳ್ಳಲೂ ಒದಗುತ್ತದೆ. ಕೊಡೆಗೆ ಗೋಡೆಯ ಗೂಟ ಸಾಕು, ಅದರಡಿಯಲ್ಲಿ ನೀರು ಹನಿಯಲು ಒಂದು ಮಣ್ಣಿನ ತಟ್ಟೆ. ಉರುಳಿಯ ನೀರನ್ನು ಬದಲಾಯಿಸುವವರಿಲ್ಲದಿದ್ದರೆ ಉರುಳಿ ಬೇಡ. ಸೊಳ್ಳೆಗಳಿಗೆ ಅದರ ಶೈಲಿಯ ಮೇಲೆ ಅಭಿಮಾನವೇನೂ ಇಲ್ಲ.

ಹೊಸ್ತಿಲಿನ ವಿಷಯದಲ್ಲಿಯಾದರೋ ಇಲ್ಲಿಯ ಬಡಗಿಗಳು ಕಂಡುಕೊಂಡ ರಾಜಿಯೊಂದಿದೆ, ಅದು ನನಗೆ ಒಪ್ಪಿಗೆ. ಒಳಕೋಣೆಗಳ ದಾರಂದಗಳೆಲ್ಲ ಮೂರೇ ಪಟ್ಟಿಯವು. ತಲೆಬಾಗಿಲಿಗೆ ಮಾತ್ರ ಹಲಸಿನ ನಾಲ್ಕನೆಯ ಪಟ್ಟಿ, ಅದೂ ಒಂದು ಬೆರಳೆತ್ತರ, ಎರಡೂ ಕಡೆಗೆ ಇಳಿಜಾರಾಗಿ ಕೆತ್ತಿದುದು. ಅದರ ಮೇಲ್ಮೈಗೆ ಪಾಲಿಶ್ ಹೊಡೆಯದಿರಿ ಎಂದು ಹೇಳಿದರೆ ಬಡಗಿಯು ಕಾರಣವನ್ನು ಕೇಳುವುದಿಲ್ಲ. ಪಾಲಿಶ್ ಆದ ಮರಕ್ಕೆ ಕೆಮ್ಮಣ್ಣು ಹಿಡಿಯದೆಂಬುದು ಅವನಿಗೆ ಗೊತ್ತು, ಹಬ್ಬದ ದಿನವಾದರೂ ಮನೆಯವರಾರೋ ಒಬ್ಬರು ಬರೆಯುವವರಿದ್ದಾರೆಂದು ಅವನು ತಿಳಿದುಕೊಳ್ಳುತ್ತಾನೆ.